ಖಾಡಿಯ ನಡುಗಡ್ಡೆಗೆ ಹಿಡಿ ಮಣ್ಣು

ಆ ನಡುಗಡ್ಡೆ ಹುಟ್ಟಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಾವು ದುಡಿಯಲು ಬಂದು ನೆಲೆಸಿದ ದಿವಾ ಊರಿನಲ್ಲಿ, ನಮ್ಮ ಚಾಳಿನ ಹಿಂದೆ, ಉಲ್ಲಾಸ ನದಿ ಅಗಲವಾಗಿ, ಸಮುದ್ರದ ನೀರು ಏರಿಳಿಯುವ ಖಾಡಿಯಾಗುತ್ತದೆ. ಅಲ್ಲಿ ಮರಳು ತೆಗೆಯುತ್ತಿದ್ದ ಕಾಲದಲ್ಲಿ ನನ್ನ ಗಂಡ ಬಿದಿರಿನ ಗಳ ಹಿಡಿದು, ಬಕೆಟ್ ಸಮೇತ ಮುಳುಗುತ್ತಿದ್ದ. ನಾನು ದಂಡೆಯಲ್ಲಿ ಬುಟ್ಟಿ ಹೊರುತ್ತಿದ್ದೆ. ಮುಳುಗುವವರ ಹೆಂಡಂದಿರಿಗೆ ಒಂದೇ ಲೆಕ್ಕ: ಮೇಲೆ ಗುಳ್ಳೆ ಏಳುತ್ತಿದ್ದರೆ ಒಳಗಿನವನಿಗೆ ಉಸಿರಿದೆ. ಒಂದು ದಿನ ಗುಳ್ಳೆ ನಿಂತಿತು. ಹೆಣವೂ ಸಿಗಲಿಲ್ಲ.

ಆಮೇಲೆ ಮರಳಿನ ದೋಣಿಗಳೂ ನಿಂತವು. ತೋಡುವವರಿಲ್ಲದ ಮೇಲೆ ನದಿ ಸುಮ್ಮನಿರುತ್ತದೆಯೇ? ತಳದಲ್ಲಿ ಬಿದ್ದಿದ್ದ ಹಳೇ ದೋಣಿಯೊಂದಕ್ಕೆ ಮಳೆಗಾಲದ ಕೆಸರು ತಡೆದು ನಿಂತಿತು. ಮೊದಲು ನೀರಿಳಿದಾಗ ಮಾತ್ರ ಕಾಣುವ, ಎಮ್ಮೆಯ ಬೆನ್ನಿನಂಥ ದಿಬ್ಬ. ಬಳಿಕ ಹುಲ್ಲು, ಬೆಳ್ಳಕ್ಕಿ, ಉಪ್ಪುನೀರಿನ ಗಿಡ. ಗಿಡದ ಬೇರು ಇನ್ನಷ್ಟು ಕೆಸರು ಹಿಡಿಯಿತು. ಸರಿಯಾಗಿ ಅವನು ಮುಳುಗಿದ ಜಾಗ. ಅದು ಕಂಡರೆ ಕಿಟಕಿ ಮುಚ್ಚಿಬಿಡುತ್ತಿದ್ದೆ.

ನಮ್ಮಲ್ಲಿ ಸತ್ತವರನ್ನು ಹೂಳುತ್ತಾರೆ. ಮನೆಯವರು ಹಿಡಿ ಹಿಡಿ ಮಣ್ಣು ಕೊಡಬೇಕು. ಅತ್ತೆ ವಿಜಯಪುರದಿಂದ ಹೊಲದ ಮಣ್ಣು ಗಂಟು ಕಟ್ಟಿಕೊಂಡು ಬಂದರು.

“ನದೀನ ಅವಗ ಗೋರಿ ಕಟ್ಟೇತಿ. ನಾವು ಮಣ್ಣ ಕೊಡೂದಷ್ಟ ಉಳದೈತಿ, ನಡಿಯವ್ವಾ.”

“ಸತ್ತಾನಂತ ನಿಮಗ ಯಾರ್ ಹೇಳ್ಯಾರ್ರಿ ಅತ್ತಿ?” ಎಂದು ರೇಗಿದೆ. ನನ್ನ ಕೈತುಂಬ ಇನ್ನೂ ಬಳೆ ಇದ್ದವು. ಮಣ್ಣು ಕೊಟ್ಟರೆ ಅವು ಹೋಗಬೇಕು. ಆದರೂ ಮುದುಕಿಯನ್ನು ಒಬ್ಬಳೇ ಕಳಿಸಲು ಮನಸ್ಸಾಗಲಿಲ್ಲ.

ಮಟಮಟ ಮಧ್ಯಾಹ್ನ, ನೀರಿಳಿದ ಹೊತ್ತು, ಮೀನುಗಾರನೊಬ್ಬ ದೋಣಿಯಲ್ಲಿ ಕರೆದೊಯ್ದು ನಮ್ಮನ್ನು ನಡುಗಡ್ಡೆಯಲ್ಲಿ ಇಳಿಸಿದ. ಒಂದು ಹಕ್ಕಿಯೂ ಕೂಗಲಿಲ್ಲ. ಆಚೆ ಲೋಕಲ್ ರೈಲು ಹೋದಾಗ ಕಾಲಡಿಯ ನೆಲ ನಡುಗಿತು. ಅತ್ತೆ ಗಂಟು ಬಿಚ್ಚಿ ಮಣ್ಣು ಹಿಡಿದರು. ಆಗ ಅವರ ಪಾದದ ಹತ್ತಿರ, ಹಸಿ ಕೆಸರಿನಲ್ಲಿ, ಬುಳಕ್ ಅಂತ ಒಂದು ಗುಳ್ಳೆ ಎದ್ದಿತು. ಮತ್ತೊಂದು. ಸ್ವಲ್ಪ ನಿಂತು ಮತ್ತೆ, ಅವನು ಉಸಿರು ಬಿಡುತ್ತಿದ್ದ ಹಾಗೆಯೇ.

ಅತ್ತೆಯ ಕೈ ಅಲ್ಲೇ ನಿಂತಿತು. “ಯವ್ವಾ, ಇನ್ನೂ ಉಸುರು ಬಿಡಾಕತ್ತಾನ! ಹ್ಯಾಂಗ ಹಾಕಲಿ ಮಣ್ಣು?” ಕೆಸರಿನಲ್ಲೇ ಕುಸಿದು ಕೂತರು. “ಮ್ಯಾಲ ಬಾರಪಾ, ಸಾಕು.”

“ಪಾನಿ ಚಢ್ ರಹಾ ಹೈ, ಚಲೋ!” ಮೀನುಗಾರ ದೋಣಿಯಿಂದ ಕೂಗಿದ. ಏರುತ್ತಿದ್ದ ನೀರು ಆಗಲೇ ಅತ್ತೆಯ ಸೀರೆ ಮುಟ್ಟಿತ್ತು. ರಟ್ಟೆ ಹಿಡಿದು ಎಳೆದೆ, ಕದಲಲಿಲ್ಲ.

“ನೀ ಹೋಗವ್ವಾ. ಉಸುರು ಇರೂತನಕ ನಾ ಇವನ ಕೂಡ ಇರ್ತೀನಿ.”

ಸಿಟ್ಟು, ಅಳು ಎರಡೂ ಒಟ್ಟಿಗೆ ಬಂದವು. ಅವರ ಮುಷ್ಟಿ ಬಿಡಿಸಿ ಮಣ್ಣು ಕಸಿದುಕೊಂಡೆ. ಗುಳ್ಳೆಯ ಬಾಯಿಗೇ ಸುರಿದು, ಬಳೆ ಕೆಸರಿನಲ್ಲಿ ಮುಳುಗುವಷ್ಟು ಒತ್ತಿ ಹಿಡಿದೆ. ಕೆಳಗಿನಿಂದ ಏನೋ ಅಂಗೈಗೆ ತಟ್ಟಿತು. ಮತ್ತೆ ತಟ್ಟಿತು. ಅದು ನಿಲ್ಲುವ ತನಕ ನಾನು ಕೈ ತೆಗೆಯಲಿಲ್ಲ.