ಅಕ್ಕೋರ ಕಂಪ್ಯೂಟರಿಗೆ ಕುಂಕುಮ

ಮೊನ್ನೆ ಮಗಳು ಅಂಗೈಯಗಲದ ಒಂದು ಲಿನಕ್ಸ್ ಕಂಪ್ಯೂಟರ್ ತಂದು ಟೀವಿಯ ಹಿಂದೆ ಸಿಕ್ಕಿಸಿದಳು. ಪೆನ್‌ಡ್ರೈವ್ ಚುಚ್ಚಿದ್ದೇ ತಡ, ಅದರೊಳಗಿನ ಹಾಡುಗಳೆಲ್ಲ ತಾವಾಗಿಯೇ ಪರದೆಯ ಮೇಲೆ ಬಂದು ಕೂತವು. ಮಗಳು ಅತ್ತ ನೋಡಲೂ ಇಲ್ಲ. ನನಗೆ ಮಾತ್ರ ಬೆಳಗಾವಿ ಕ್ಯಾಂಪಿನ ನಮ್ಮ ಪಕ್ಕದ ಮನೆಯ ಕಾಕಾ ನೆನಪಾದರು. ಇಷ್ಟೇ ಇಷ್ಟು ಕೆಲಸ ಮಾಡಿಸಲು ಆ ಮನುಷ್ಯ ಎಷ್ಟು ಒದ್ದಾಡಿದ್ದರು…

ನಾನು ಮದುವೆಯಾಗಿ ಕ್ಯಾಂಪಿಗೆ ಬಂದ ಹೊಸತು. ಪೆನ್‌ಡ್ರೈವ್ ಎಂಬುದು ಊರಿಗೆ ಆಗಷ್ಟೇ ಕಾಲಿಟ್ಟಿತ್ತು. ಕಾಕಾ ಫೌಜಿನಲ್ಲಿ ವೈರ್‌ಲೆಸ್ ರಿಪೇರಿ ಮಾಡಿ ರಿಟಾಯರ್ ಆದವರು. ಚಹಾಕ್ಕೆ ಕರೆದರೆ "ಬಂದೆ ತಂಗಿ" ಅಂದು ತಾಸು ಬಿಟ್ಟು ಬರುತ್ತಿದ್ದರು. ಬಂದು, ಚಹಾ ಆರಿದೆಯೆಂದು ನನ್ನನ್ನೇ ಬೈಯುತ್ತಿದ್ದರು.

ಅವರ ಅಕ್ಕ ಖಾನಾಪುರದಲ್ಲಿ ತಂಗಿಯ ಸಂಸಾರದ ಜೊತೆ ಇದ್ದರು. ಕನ್ನಡ ಶಾಲೆಯಲ್ಲಿ ಕಲಿಸಿದವರಾದ್ದರಿಂದ ಇಡೀ ಓಣಿಗೆ ಅಕ್ಕೋರು. ಪುಸ್ತಕದ ಹುಚ್ಚು. ಆದರೆ ಕಣ್ಣು ಪೂರಾ ಹೋದ ಮೇಲೆ, ಓದಿ ಹೇಳುತ್ತೇವೆಂದು ಯಾರು ಬಂದರೂ ಬೇಡ ಅಂದುಬಿಟ್ಟರು. ಕ್ಯಾಸೆಟ್ ತಂದುಕೊಟ್ಟರೆ ರೀಲು ಸಿಕ್ಕಿಕೊಂಡಾಗಲೆಲ್ಲ ಯಾರನ್ನಾದರೂ ಕರೆಯಬೇಕು. ಕರೆಯುವ ಬದಲು ಟೇಪನ್ನೇ ಮೂಲೆಗಿಟ್ಟರು. ದಿನವಿಡೀ ಸುಮ್ಮನೆ ಕೂತಿರುತ್ತಿದ್ದರಂತೆ.

"ಅಕ್ಕ ಯಾರನ್ನೂ ಏನೂ ಕೇಳಾಕಿ ಅಲ್ಲ, ತಂಗಿ. ಕಡ್ಡಿ ಚುಚ್ಚಿದ ಕೂಡ್ಲೇ ಕಥಿ ಶುರು ಆಗಬೇಕು. ಅಷ್ಟ ನೋಡು," ಅಂದರು ಕಾಕಾ. ಅವರ ಬಾಯಲ್ಲಿ ಪೆನ್‌ಡ್ರೈವ್ ಅಂದರೆ ಕಡ್ಡಿ.

ಕಥೆ ಓದಿ ರೆಕಾರ್ಡ್ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಕಾಕಾ ಒಂದು ಹಳೆಯ ಕಂಪ್ಯೂಟರಿನಿಂದ ಬೇಕಾದಷ್ಟನ್ನೇ ತೆಗೆದು ಸಣ್ಣ ಪೆಟ್ಟಿಗೆಯಲ್ಲಿ ಕೂಡಿಸಿ, ಸ್ಪೀಕರ್ ಜೋಡಿಸಿ, ವಿಂಡೋಸಿನ ಬದಲು ಲಿನಕ್ಸ್ ಹಾಕಿದರು. ಆಗಿನ ಲಿನಕ್ಸಿಗೆ ಭಾರೀ ಗತ್ತು. ಕಡ್ಡಿ ಚುಚ್ಚಿದರೆ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. 'ಮೌಂಟ್' ಎಂದು ಟೈಪ್ ಮಾಡಿ ನಾವೇ ಒಳಗೆ ಕರೆದುಕೊಳ್ಳಬೇಕು, ತೆಗೆಯುವ ಮೊದಲು ಮತ್ತೆ ಟೈಪ್ ಮಾಡಿ ಬೀಳ್ಕೊಡಬೇಕು. ಹಾಗೇ ಕಿತ್ತರೆ ಮುನಿಸಿಕೊಂಡು, ಮುಂದಿನ ಸಲ ಅದೇ ಕಡ್ಡಿಯನ್ನು ಬೇರೆ ಹೆಸರಿನಿಂದ ಕರೆಯುತ್ತಿತ್ತು. ಕಣ್ಣಿಲ್ಲದವರು ಇದನ್ನೆಲ್ಲ ಎಲ್ಲಿ ಮಾಡಬೇಕು? ಕಡ್ಡಿ ಬಂದದ್ದನ್ನು ಕಂಪ್ಯೂಟರ್ ತಾನೇ ಗುರುತಿಸಿ, ತೆರೆದು, ಕಥೆ ಹಚ್ಚುವಂಥ ಪ್ರೋಗ್ರಾಮಿನ ಸಾಲುಗಳನ್ನು ಕಾಕಾ ಬರೆದರು, ಅಳಿಸಿದರು, ಮತ್ತೆ ಬರೆದರು. ಅಕ್ಕೋರು ಹೇಗೆ ಕಿತ್ತರೂ ಕಥೆ ಕೆಡದಿರಲೆಂದು, ಕಡ್ಡಿಯಿಂದ ಓದಲಷ್ಟೇ ಬಿಟ್ಟು, ಅದರ ಮೇಲೆ ಏನನ್ನೂ ಬರೆಯಲು ಬಿಡದ ಹಾಗೆ ಕಟ್ಟುಹಾಕಿದರು.

ಖಾನಾಪುರಕ್ಕೆ ಒಯ್ದ ದಿನ ನಾನೂ ಹೋಗಿದ್ದೆ. ಅಕ್ಕೋರು ತಡವಿ ತಡವಿ ಕಡ್ಡಿ ಸಿಕ್ಕಿಸಿದರು. ಸ್ವಲ್ಪ ಹೊತ್ತು ಏನೂ ಇಲ್ಲ… ಆಮೇಲೆ ನನ್ನ ಧ್ವನಿ ಓದತೊಡಗಿತು. ಅಕ್ಕೋರು ಕಡ್ಡಿ ಕಿತ್ತರು, ಮತ್ತೆ ಸಿಕ್ಕಿಸಿದರು, ಮತ್ತೆ ಕಿತ್ತರು.

"ನಾನ ಹಚ್ಚಿದೆನಲ್ಲೋ!" ಅಂದು ಸಣ್ಣ ಹುಡುಗಿಯ ಹಾಗೆ ನಕ್ಕರು. ಕಾಕಾ ಕಿಟಕಿಯತ್ತ ಮುಖ ತಿರುಗಿಸಿ ನಿಂತಿದ್ದರು.

ದಸರೆ ಮುಗಿದ ಮೇಲೆ ಅಲ್ಲಿಂದ ಫೋನು ಬಂತು. ಕಂಪ್ಯೂಟರ್ ಮಾತಾಡುತ್ತಿಲ್ಲ. ಕಾಕಾ ತಮ್ಮ ಸಾಲುಗಳಲ್ಲೇ ತಪ್ಪಿದೆಯೆಂದು ತಲೆ ಕೆಡಿಸಿಕೊಂಡು, ಎಲ್ಲವನ್ನೂ ಹೊಸದಾಗಿ ಬರೆದುಕೊಂಡು ಹೊರಟರು, ಜೊತೆಗೆ ನಾನೂ. ಹೋಗಿ ನೋಡಿದರೆ, ಖಂಡೆನವಮಿಯ ಆಯುಧಪೂಜೆಗೆ ಅಕ್ಕೋರು ಈಳಿಗೆ, ಕತ್ತರಿ, ಹೊಲಿಗೆ ಮಷೀನಿನ ಜೊತೆ ಕಂಪ್ಯೂಟರಿಗೂ ಪೂಜೆ ಮಾಡಿದ್ದರು. ಕಲಸಿದ ಕುಂಕುಮ ಹೋಗಿ ಕೂತದ್ದು ಸರಿಯಾಗಿ ಕಡ್ಡಿ ಚುಚ್ಚುವ ತೂತಿನೊಳಗೆ, ಒಣಗಿ ಗಟ್ಟಿಯಾಗಿತ್ತು. ನಾನು ನಗುತ್ತಾ ಇನ್ನೇನು ಹೇಳಬೇಕು ಅನ್ನುವಷ್ಟರಲ್ಲಿ ಕಾಕಾ ತುಟಿಯ ಮೇಲೆ ಬೆರಳಿಟ್ಟರು.

"ನಾ ಏನರ ಕೆಡಿಸೇನೇನೋ? ಇನ್ನ ಅದನ್ನ ಮುಟ್ಟೂದಿಲ್ಲ ಬಿಡಪಾ," ಅಂದರು ಅಕ್ಕೋರು. ಮುಖ ಸಣ್ಣದಾಗಿತ್ತು.

"ಇಲ್ಲಕ್ಕಾ. ನಾನ ತಪ್ಪ ಬರದಿದ್ದೆ. ನಿಂದೇನೂ ಇಲ್ಲ ಇದರಾಗ."

ತಮ್ಮ ಕೆಲಸದಲ್ಲಿ ತಪ್ಪಿದೆ ಎಂದು ಯಾರಾದರೂ ಅಂದರೆ ಜಗಳಕ್ಕೇ ಬೀಳುತ್ತಿದ್ದ ಮನುಷ್ಯ, ಮನೆಮಂದಿಯೆಲ್ಲರ ಎದುರು ಹಾಗೆ ಹೇಳಿ ಸೂಜಿಯಿಂದ ಕುಂಕುಮ ಕೆದರುತ್ತ ಕೂತರು. ಮುಂದಿನ ಖಂಡೆನವಮಿಗಳಿಗೆಲ್ಲ ಮುಂಜಾನೆಯೇ ಬಸ್ಸು ಹಿಡಿದು ಹೋಗಿ, ಆ ತೂತಿಗೆ ಸದ್ದಿಲ್ಲದೆ ಚೀಟಿ ಅಂಟಿಸಿ, ಪೂಜೆಯಾದ ಮೇಲೆ ಕಿತ್ತು ಬರುತ್ತಿದ್ದರು. ಅಂಥವರನ್ನು ಪ್ರೀತಿಸದೆ ಇರುವುದು ಹೇಗೆ!

ಒಂದು ಬೇಸಿಗೆಯ ಮಧ್ಯಾಹ್ನ ಊಟ ಮಾಡಿ ಅಡ್ಡಾದ ಕಾಕಾ ಮತ್ತೆ ಏಳಲಿಲ್ಲ. ಅದೇ ಮಳೆಗಾಲದಲ್ಲಿ ಕಂಪ್ಯೂಟರೂ ನಿಂತಿತು. ನಾನು ಖಾನಾಪುರಕ್ಕೆ ಹೋಗಿ, ಯಾರಿಗಾದರೂ ತೋರಿಸಿ ರಿಪೇರಿ ಮಾಡಿಸುತ್ತೇನೆ ಅಂದೆ. ಅಕ್ಕೋರು ಬೇಡವೆಂದು ತಲೆಯಾಡಿಸಿದರು. ಸೆರಗಿನ ಅಂಚು ತಿರುವುತ್ತ ಮೆಲ್ಲಗೆ ಅಂದರು:

"ತಂಗಿ, ನಿನಗ ಪುರಸೊತ್ತ ಇದ್ರ… ಐತವಾರ ಬಂದು ನನಗ ಒಂದೀಟು ಓದ್ತಿಯೇನವಾ?"

ಅವರು ಯಾರನ್ನೂ ಕೇಳುವಂತಾಗಬಾರದು ಎಂದೇ ಅಲ್ಲವೇ ಕಾಕಾ ಅಷ್ಟೆಲ್ಲ ಮಾಡಿದ್ದು. ಅವರ ಮಣ್ಣಿಗೆ ಹೋದಾಗಲೂ ತಿಳಿಯದ್ದು ಆ ಒಂದು ಮಾತಿನಲ್ಲಿ ತಿಳಿಯಿತು, ಕಾಕಾ ಇನ್ನಿಲ್ಲ. "ಬರ್ತೇನ್ರಿ ಅಕ್ಕೋರ" ಅಂದೆ.

ಅಕ್ಕೋರು ಇರುವವರೆಗೂ ಹೋಗಿ ಓದಿದೆ. ಈಗ ಅವರೂ ಇಲ್ಲ. ಮೊನ್ನೆ ಟೀವಿಯ ಮುಂದೆ ಕೂತಲ್ಲೇ ನನ್ನ ಕಣ್ಣು ತುಂಬಿದ್ದನ್ನು ನೋಡಿ ಮಗಳು, ಯಾಕಮ್ಮಾ, ಏನಾಯಿತು ಅಂದಳು. ಹೇಳಲು ಹೊರಟೆ. ಅವರಿಬ್ಬರನ್ನೂ ಕಂಡವರು ಈ ಮನೆಯಲ್ಲಿ ನನ್ನನ್ನು ಬಿಟ್ಟರೆ ಯಾರೂ ಉಳಿದಿಲ್ಲ.