ಬೇಟೆಗೆ ಸಿಗದ ಶಾಯಿ

"ಅಮ್ಮಾ, ಟ್ರಾಸ್ಕ್ ತಾತ ಬೆಟ್ಟ ನೋಡಿದ್ದಾರಾ?" ಎಂದು ಮಗಳು ಲಿಡಿಯಾ ಇವತ್ತು ಕೇಳಿದಳು. ಎಲ್ಲಿಂದ ನೋಡಬೇಕು, ಕುಂಟುಗಾಲಿನ ಅವರು ನಮ್ಮೂರು ಸೇಂಟ್ ಲೂಯಿಸ್ ದಾಟಿದವರೇ ಅಲ್ಲ. ಆದರೆ ಅಮೆರಿಕದ ಪಶ್ಚಿಮದ ಬೆಟ್ಟಗಾಡಿನ ನಕ್ಷೆ ಬರೆಯಲು ಸರ್ಕಾರ ಕಳಿಸಿದ ತಂಡಗಳನ್ನು ಮೂವತ್ತು ವರ್ಷ ಸಜ್ಜುಮಾಡಿ ಹೊರಡಿಸಿದವರು ಅವರೇ. ಹಗ್ಗವನ್ನು ಹಲ್ಲಿನಿಂದ ಕಚ್ಚಿ ನೋಡುತ್ತಿದ್ದರು, ಹಿಟ್ಟಿನ ಪೀಪಾಯಿಗೆ ಭುಜದವರೆಗೆ ಕೈ ಹಾಕುತ್ತಿದ್ದರು, ನೆಲ ಅಳೆಯುವ ಸರಪಳಿಯ ಕೊಂಡಿಗಳನ್ನು ಜಪಮಣಿಯಂತೆ ಎಣಿಸುತ್ತಿದ್ದರು. ದೋಣಿ ದಡ ಬಿಟ್ಟ ಮೇಲೂ ಸೊಂಟಮಟ್ಟದ ನೀರಿಗಿಳಿದು, "ಶಾಯಿ ಇಟ್ಕೊಂಡ್ರೇನ್ರೋ? ಊಟಾನ ಬೇಟೆಯಾಡಿ ತರಬಹುದು, ಶಾಯಿ ಬೇಟೆಗೆ ಸಿಗಲ್ಲ!" ಎಂದು ಕೂಗುತ್ತಿದ್ದರು. "ನಿಮ್ಮೊಬ್ಬರನ್ನ ಬಿಟ್ಟು ಎಲ್ಲಾ ಇಟ್ಕೊಂಡಿದೀವಿ, ಯಜಮಾನ್ರೇ!" ಎಂದು ಅಂಬಿಗರು ನಗುತ್ತಿದ್ದರು. ಹುಡುಗಿಯಾಗಿ ದಡದಲ್ಲಿ ನಿಂತು ಕೇಳಿದ ಆ ನಗು ಇನ್ನೂ ನನ್ನ ಕಿವಿಯಲ್ಲಿದೆ. ಈಗ ಅವರಿಗೆ ಕಣ್ಣು ಕಾಣದು. ಹಾಗೆ ಹೊರಟ ಒಂದು ದೋಣಿಯಲ್ಲಿ ಸರಪಳಿ ಎಳೆಯಲು ಹೋದ ಅವರ ತಮ್ಮ ಜೋಯಲ್ ದೂರದ ತೊರೆಯೊಂದರಲ್ಲಿ ಮುಳುಗಿಹೋಗಿದ್ದ. ಅಣ್ಣ ಕಟ್ಟಿಕೊಟ್ಟ ಶಾಯಿಯಲ್ಲೇ ತಂಡದ ಕ್ಯಾಪ್ಟನ್ ತಮ್ಮ ಕೈಬರಹದ ನಕ್ಷೆಯಲ್ಲಿ ಆ ತೊರೆಗೆ ಅವನ ಹೆಸರು ಬರೆದಿದ್ದರು. ನಕ್ಷೆ ಅಚ್ಚಾಗುವಾಗ ಇಂಥ ಸಣ್ಣ ಹೆಸರುಗಳು ಬಿಟ್ಟುಹೋಗುವುದುಂಟು. ಇವತ್ತು ಅಚ್ಚಾದ ನಕ್ಷೆ ಹಿಡಿದು ತಾತ ನಮ್ಮ ಅಡುಗೆಮನೆಗೆ ಬಂದರು. ಹಿಟ್ಟಿನ ಕೈ ಒರೆಸಿಕೊಂಡು ಆ ಹೆಸರು ಹುಡುಕಿದೆ. ಇರುವೆಯಷ್ಟು ಅಕ್ಷರದಲ್ಲಿ 'ಜೋಯಲ್ ತೊರೆ' ಎಂದಿತ್ತು, ಓದಿ ಹೇಳಿದೆ. ತಾತ ಕೈ ಚಾಚಿದರು: "ನನ್ನ ಬೆರಳನ್ನ ಅದರ ಮೇಲೆ ಇಡಮ್ಮ."