ಹುಬ್ಬಳ್ಳಿಯಿಂದ ಇಳಕಲ್ಲಿಗೆ, ತಮ್ಮನಿಲ್ಲದೆ

ದಿಲ್ಲಿಯಿಂದ ಹೊರಟ ವಿಮಾನ ಹೇಳಿದ ಹೊತ್ತಿಗಿಂತ ಮೊದಲೇ ಹುಬ್ಬಳ್ಳಿಯಲ್ಲಿ ಇಳಿಯಿತು. ಶ್ರಾವಣದ ಜಿಟಿಜಿಟಿ ಮಳೆ ಹಿಡಿದಿತ್ತು. ಹೊರಗೆ ಬರುತ್ತಲೇ ಟ್ಯಾಕ್ಸಿಯವರು ಮುತ್ತಿಕೊಂಡರು. ಇಳಕಲ್ ಎಂದ ಕೂಡಲೇ ಒಬ್ಬನು ಹೇಳಿದ ಬಾಡಿಗೆ ಕೇಳಿ ನನಗೆ ನಗು ಬಂತು. ಅಷ್ಟು ಕೊಟ್ಟರೆ ದಿಲ್ಲಿಗೇ ಹೊಳ್ಳಿ ಹೋಗಬಹುದಿತ್ತು. ಚೀಲ ಹೆಗಲಿಗೆ ಹಾಕಿ ಗೇಟಿನ ಕಡೆ ನಡೆದೆ.

ನಾಗರ ಪಂಚಮಿಗೆ ತವರಿಗೆ ಹೊರಟಿದ್ದೆ. ನಮ್ಮ ಕಡೆ ಪಂಚಮಿಗೆ ಹೆಣ್ಣುಮಗಳು ತಾನಾಗಿ ತವರಿಗೆ ಬರುವುದಿಲ್ಲ. ಅಪ್ಪನೋ ಅಣ್ಣತಮ್ಮಂದಿರೋ ಗಂಡನ ಮನೆಗೆ ಹೋಗಿ ಕರೆದುಕೊಂಡು ಬರಬೇಕು. ನಾನು ಮದುವೆಯಾಗಿ ದಿಲ್ಲಿ ಸೇರಿದ ಮೇಲೆ ಅಷ್ಟು ದೂರ ಬರುವುದು ಅಪ್ಪನಿಗೆ ಆಗುತ್ತಿರಲಿಲ್ಲ. ಅದಕ್ಕೆ ಹುಬ್ಬಳ್ಳಿಯ ರೈಲು ನಿಲ್ದಾಣವನ್ನೇ ನನ್ನ ಗಂಡನ ಮನೆಯ ಬಾಗಿಲೆಂದು ತಿಳಿದು ಪ್ರತಿ ವರ್ಷ ಅಲ್ಲಿಗೆ ಬಂದು ನಿಲ್ಲುತ್ತಿದ್ದ. ಹೋದ ವರ್ಷ ದೀಪಾವಳಿಯ ಮುಂದೆ ಅಪ್ಪ ತೀರಿಕೊಂಡ. ಈ ಸಲ ಕರೆಯುವ ಪಾಳಿ ತಮ್ಮ ಬಸುವಿನದು. ಅವನು ಇಳಕಲ್ಲಿನ ಗ್ರಾನೈಟ್ ಕಾರ್ಖಾನೆಯಲ್ಲಿ ಪಾಲಿಶ್ ಕೆಲಸ ಮಾಡುತ್ತಾನೆ. ಹುಬ್ಬಳ್ಳಿಗೆ ಬರುತ್ತೇನೆಂದು ಅವನು ಫೋನು ಮಾಡಿದಾಗ, ಸುಮ್ಮನೆ ಯಾಕೆ ರಜೆ ಹಾಕುತ್ತೀ, ಬರಬೇಡ ಎಂದಿದ್ದೆ. ಅವನು ಹೂಂ ಅಂದಿದ್ದ. ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ.

ಗೋಕುಲ ರಸ್ತೆಯಲ್ಲಿ ಸಿಟಿ ಬಸ್ಸು ಬೇಗ ಸಿಕ್ಕಿತು. ಮುಂದೆ ಬಸ್ ನಿಲ್ದಾಣದಲ್ಲಿ ಬಾದಾಮಿಯ ಗಾಡಿ ಹೊರಡಲು ಸಿದ್ಧವಾಗಿ ಗುರುಗುಡುತ್ತಿತ್ತು. ಇಳಕಲ್ಲಿಗೆ ಗದಗಿನ ಮೇಲೆ ನೆಟ್ಟಗಿನ ದಾರಿ ಇದೆ. ಆದರೆ ಅಪ್ಪ ನನ್ನನ್ನು ಯಾವತ್ತೂ ಬಾದಾಮಿಯ ಮೇಲೆ ಕರೆದೊಯ್ಯುತ್ತಿದ್ದ. ಅಲ್ಲಿ ಇಳಿದು ಬುತ್ತಿ ಬಿಚ್ಚಿ ಉಂಡು ಮುಂದಿನ ಬಸ್ಸು ಹಿಡಿಯುವುದು ಅವನ ಪದ್ಧತಿ. ಹಾಗಾಗಿ ನಾನೂ ಆ ಗಾಡಿಯನ್ನೇ ಹತ್ತಿದೆ.

ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಪುಕ್ಕಟೆ ಎಂದು ಕೇಳಿದ್ದೆ. ಜಂಬದಿಂದ ಆಧಾರ್ ಕಾರ್ಡು ಮುಂದೆ ಹಿಡಿದೆ. ಕಂಡಕ್ಟರ್ ಅದನ್ನು ತಿರುಗಿಸಿ ನೋಡಿ, ‘ಅಕ್ಕಾರ, ನಿಮ್ಮದು ದಿಲ್ಲಿ ಐತ್ರಿ. ಪುಕ್ಕಟ ನಮ್ಮ ರಾಜ್ಯದವರಿಗಷ್ಟ’ ಎಂದ. ಮಾತು ಕೇಳಿದರೆ ನಾನು ಎಲ್ಲಿಯವಳೆಂದು ಗೊತ್ತಾಗುವುದಿಲ್ಲವೇ ಎಂದು ಕೇಳಿದೆ. ಗೊತ್ತಾಗುತ್ತದೆ, ಆದರೆ ಮಶೀನಿಗೆ ಗೊತ್ತಾಗುವುದಿಲ್ಲ ಎಂದು ನಗುತ್ತ ಟಿಕೆಟ್ ಹರಿದ. ಬಸ್ಸಿನ ಅಷ್ಟೂ ಹೆಂಗಸರಲ್ಲಿ ದುಡ್ಡು ಕೊಟ್ಟವಳು ನಾನೊಬ್ಬಳೇ. ಒಂದು ಗಳಿಗೆ ಮುಖ ಸಣ್ಣದಾಯಿತು.

ನವಲಗುಂದ ದಾಟುವಾಗ ಎರಡೂ ಕಡೆ ಕರಿಮಣ್ಣಿನ ಹೊಲ, ಹೆಸರು, ಗೋವಿನಜೋಳ, ಅಲ್ಲಲ್ಲಿ ಸೂರ್ಯಕಾಂತಿ. ನರಗುಂದದಲ್ಲಿ ಬಿಸಿ ಗಿರಮಿಟ್ಟು ಕಿಟಕಿಗೇ ಬಂತು. ಕುಳಗೇರಿ ಕ್ರಾಸಿನಲ್ಲಿ ಬಾಗಲಕೋಟೆಯ ಹೆದ್ದಾರಿ ಬಿಟ್ಟು ಬಲಕ್ಕೆ ಹೊರಳಿದೆವು. ಯಾರ ಹಂಗೂ ಇಲ್ಲದೆ ಬರುತ್ತಿದ್ದೇನೆ ಎಂಬ ಖುಷಿ ನನಗೆ. ವಿಮಾನದಲ್ಲಿ ಬಂದ್ ಮಾಡಿದ ಫೋನು ಚೀಲದ ತಳದಲ್ಲಿತ್ತು. ಅದರ ನೆನಪೇ ಆಗಲಿಲ್ಲ.

ನೂರು ಕಿಲೋಮೀಟರಿಗೆ ತುಸು ಹೆಚ್ಚಿನ ಆ ದಾರಿ ಮುಗಿದು ಬಾದಾಮಿಯಲ್ಲಿ ಇಳಿದಾಗ ಮಳೆ ನಿಂತಿತ್ತು. ತೊಯ್ದ ಗುಡ್ಡ ಇನ್ನಷ್ಟು ಕೆಂಪಾಗಿ ಕಾಣುತ್ತಿತ್ತು. ಫೋಟೊ ತೆಗೆಯೋಣವೆಂದು ಫೋನು ಚಾಲೂ ಮಾಡಿದೆ. ಒಂದರ ಹಿಂದೊಂದು ಬಸುವಿನ ಮಿಸ್ ಕಾಲ್ ತೋರಿಸತೊಡಗಿತು. ಮನೆಯಲ್ಲಿ ಯಾರಿಗೆ ಏನಾಯಿತೋ ಎಂದು ಹೆದರಿ ಅವನಿಗೆ ಫೋನು ಹಚ್ಚಿದೆ. ಅವನು ಹುಬ್ಬಳ್ಳಿಯ ವಿಮಾನ ನಿಲ್ದಾಣದ ಹೊರಗೆ ನಿಂತಿದ್ದ. ಅವನು ಮುಟ್ಟುವಷ್ಟರಲ್ಲಿ ದಿಲ್ಲಿಯ ವಿಮಾನದ ಮಂದಿಯೆಲ್ಲ ಹೋಗಿಬಿಟ್ಟಿದ್ದರಂತೆ. ಇನ್ನೊಂದು ವಿಮಾನ ಬರುವುದಿದೆ ಎಂದು ಯಾರೋ ಹೇಳಿದರಂತೆ. ಅದರಲ್ಲಿ ಇರಬಹುದೆಂದು ಅದಕ್ಕೂ ಕಾದಿದ್ದ.

‘ನಿನಗ ಬರಬ್ಯಾಡ ಅಂದಿದ್ದೆನಲ್ಲೋ ಬಸು’ ಎಂದೆ.

‘ನೀ ಹಂಗ ಅಂತಿ. ಅಪ್ಪಗೂ ಪ್ರತಿ ವರ್ಷ ಹಂಗ ಅಂತಿದ್ದಿ’ ಎಂದ.

ಅವನು ಹೇಳಿದ್ದು ಖರೆ. ಕರೆಯಲು ಬರುತ್ತೇನೆ ಎಂದವರಿಗೆ ನಮ್ಮಲ್ಲಿ ಯಾರೂ ಹೂಂ ಅನ್ನುವುದಿಲ್ಲ. ಬೇಡ, ತ್ರಾಸು ತಗೋಬೇಡ ಎನ್ನುತ್ತಾರೆ. ಬರುವವರು ಅದನ್ನು ಕಿವಿಗೆ ಹಾಕಿಕೊಳ್ಳದೆ ಬರುತ್ತಾರೆ. ಅಪ್ಪ ಹಾಗೆಯೇ ಬರುತ್ತಿದ್ದ, ಅವನು ಬರುತ್ತಾನೆಂದು ಗೊತ್ತಿದ್ದೇ ನಾನು ಬೇಡವೆನ್ನುತ್ತಿದ್ದೆ. ಈ ಸಲವಷ್ಟೇ ನಿಜವಾಗಿ ಬೇಡ ಎಂದಿದ್ದೆ. ಅದು ಬಸುವಿಗೆ ಹೇಗೆ ತಿಳಿಯಬೇಕು?

ಹಾಗಾದರೆ ಬಾದಾಮಿಯಲ್ಲೇ ಕೂತು ಕಾಯಲೇ ಎಂದು ಕೇಳಿದೆ. ಬೇಡ ಬೇಡ, ಮತ್ತೆ ಮಳೆ ಬಂದೀತು, ನೀ ಮುಂದೆ ಹೋಗು, ನಾನು ಹಿಂದಿನ ಬಸ್ಸಿಗೆ ಬರುತ್ತೇನೆ ಎಂದ. ಅಷ್ಟರಲ್ಲಿ ಇಳಕಲ್ಲಿನ ಗಾಡಿ ಬಂದು ನಿಂತು ಕಂಡಕ್ಟರ್ ಕೂಗತೊಡಗಿದ. ಅವನೇ ಹೋಗೆಂದನಲ್ಲ ಎಂದು ಹತ್ತಿಬಿಟ್ಟೆ.

ಬದಿಯ ಸೀಟಿನಲ್ಲಿ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡ ಹೆಂಗಸೊಬ್ಬಳಿದ್ದಳು. ರಾಮಥಾಳದ ತವರಿಗೆ ಹೊರಟವಳು. ಹಿಂದಿನ ಸೀಟಿನಲ್ಲಿ ಅವಳನ್ನು ಕರೆಯಲು ಬಂದ ಅಣ್ಣ ಬಾಯಿ ತೆರೆದು ನಿದ್ದೆ ಹೋಗಿದ್ದ. ಮಹಾಕೂಟದ ದೇವರಿಗೆ ಹರಕೆ ಹೊತ್ತಿದ್ದರಂತೆ, ಕೂಸಿನ ಜವಳದ ಕೂದಲು ಅಲ್ಲಿಯೇ ತೆಗೆಸಿ ಬರುತ್ತಿದ್ದರು. ಗುಳೇದಗುಡ್ಡ ಬರುವವರೆಗೆ ಊರು, ಮನೆ, ಮಕ್ಕಳು ಎಲ್ಲ ವಿಚಾರಿಸಿದಳು, ಜೋಳದ ಅಳ್ಳು ಕೊಟ್ಟಳು. ಆಮೇಲೆ ನನ್ನನ್ನು ಕರೆಯಲು ಯಾರು ಬಂದಿದ್ದಾರೆ ಎಂದು ಕೇಳಿದಳು. ತಮ್ಮ ಹುಬ್ಬಳ್ಳಿಯಿಂದ ಹಿಂದಿನ ಬಸ್ಸಿಗೆ ಬರುತ್ತಿದ್ದಾನೆ, ಮುಂದೆ ಹೋಗೆಂದು ಅವನೇ ಹೇಳಿದ ಎಂದೆ.

ಅವಳು ಅಳ್ಳು ತಿನ್ನುವುದನ್ನು ನಿಲ್ಲಿಸಿದಳು. ‘ಕರಿಯಾಕ ಬಂದಾಂವ ಹೋಗು ಅಂತನ ಹೇಳತಾನ್ರಿ ಅಕ್ಕಾರ. ನೀವು ಅಲ್ಲೇ ಕುಂದ್ರಬೇಕಿತ್ತು’ ಎಂದಳು.

ಇದು ನನಗೆ ಗೊತ್ತಿಲ್ಲದ ಮಾತೇನಲ್ಲ. ಇಂಥ ಹೋಗು ಬರೀ ಉಪಚಾರದ ಮಾತೆಂದು ಒಂದು ಕಾಲಕ್ಕೆ ಯೋಚಿಸದೆಯೇ ನನಗೆ ತಿಳಿಯುತ್ತಿತ್ತು. ದಿಲ್ಲಿಯಲ್ಲಿ ಹೌದು ಅಂದರೆ ಹೌದು, ಇಲ್ಲ ಅಂದರೆ ಇಲ್ಲ ಎಂದು ಬದುಕಿ ಬದುಕಿ ನನ್ನ ಕಿವಿಯೇ ಕೆಟ್ಟಿದೆ ಅನಿಸಿತು. ಅಮೀನಗಡದಲ್ಲಿ ಕರದಂಟು ಕೊಳ್ಳಲು ಮಂದಿ ಇಳಿದಾಗ ನಾನೂ ಇಳಿದು ಹಿಂದಕ್ಕೆ ಹೋಗಲೇ ಎಂದು ಯೋಚಿಸಿದೆ. ಯೋಚಿಸುತ್ತಿರುವಾಗಲೇ ಬಸ್ಸು ಹೊರಟಿತು.

ಹುನಗುಂದದಲ್ಲಿ ಇಳಿದೇಬಿಟ್ಟೆ. ರಾಮಥಾಳದವಳೂ ಇಳಿದು, ಅಣ್ಣನ ಕೈಗೆ ಕೂಸು ಕೊಟ್ಟು ಅವನ ಹಿಂದೆ ನಡೆದಳು. ನಾನು ಬಸ್ ನಿಲ್ದಾಣದ ಕಲ್ಲಿನ ಬೆಂಚಿನ ಮೇಲೆ ಕೂತೆ. ಇಲ್ಲಿಂದ ಇಳಕಲ್ ಅರ್ಧ ತಾಸಿನ ದಾರಿಯೂ ಅಲ್ಲ. ಆದರೂ ಅಷ್ಟಾದರೂ ಅವನೊಂದಿಗೆ ಹೋದರೆ ಕರೆದುಕೊಂಡು ಬಂದಂತಾಗುತ್ತದೆ ಎಂದು ನನ್ನ ಲೆಕ್ಕ. ಬಾದಾಮಿಯ ಕಡೆಯಿಂದ ಬಂದ ಪ್ರತಿ ಗಾಡಿಯನ್ನೂ ಎದ್ದು ನೋಡಿದೆ. ಫೋನು ಹಚ್ಚಿದರೆ ಹತ್ತುತ್ತಿರಲಿಲ್ಲ. ಕೊನೆಗೆ ಅವನದೇ ಫೋನು ಬಂತು.

‘ಅಕ್ಕಾ, ಬಾದಾಮ್ಯಾಗ ಇಳಿದೇನಿ. ಸ್ಟ್ಯಾಂಡ್ ತುಂಬ ಹುಡುಕಿದೆ. ಎಲ್ಲಿ ಕುಂತಿ ನೀ?’

ಹುನಗುಂದದಲ್ಲಿದ್ದೇನೆ ಎಂದೆ. ಆಚೆಯಿಂದ ಯಾವುದೋ ಬಸ್ಸಿನ ಹಾರ್ನು ಕೇಳಿಸುತ್ತಿತ್ತು. ಇಲ್ಲಿಯೇ ಕಾಯುತ್ತೇನೆ, ಎಷ್ಟು ಹೊತ್ತಾದರೂ ಚಿಂತೆಯಿಲ್ಲ ಎಂದೆ. ಮನೆಗೆ ಹೋಗು, ಶೈಲಾ ದಾರಿ ನೋಡುತ್ತಿದ್ದಾಳೆ ಎಂದ. ಶೈಲಾ ಅವನ ಹೆಂಡತಿ. ಈ ಸಲದ ಹೋಗು ಉಪಚಾರದ್ದೋ ನಿಜದ್ದೋ ಎಂದು ನಾನು ಕಿವಿಗೊಟ್ಟು ಕೇಳಿದೆ. ನಿಜದ್ದೇ ಇತ್ತು.

ಇಳಕಲ್ಲಿನ ಮನೆಯ ಹೊಸ್ತಿಲಲ್ಲಿ ಶೈಲಾ ತಂಬಿಗೆ ನೀರು, ರೊಟ್ಟಿಯ ತುಣುಕು ಹಿಡಿದು ನಿಂತಿದ್ದಳು. ನಿವಾಳಿಸುವ ಮೊದಲು ನನ್ನ ಬೆನ್ನ ಹಿಂದೆ ನೋಡಿದಳು. ಅಲ್ಲಿ ಯಾರೂ ಇರಲಿಲ್ಲ.

ದೀಪ ಹಚ್ಚಿದ ಮೇಲೆ ಬಸು ಬಂದ. ಸಿಟ್ಟು ಮಾಡಲಿಲ್ಲ, ಪ್ರಯಾಣ ಹೇಗಾಯಿತು ಎಂದು ಕೇಳಿ ಕಾಲು ತೊಳೆಯಲು ಹೋದ. ಶೈಲಾ ಅವನ ಚೀಲದಿಂದ ಬುತ್ತಿಯ ಗಂಟು ತೆಗೆದಳು. ಕಟ್ಟಿದ ಗಂಟು ಕಟ್ಟಿದಂತೆಯೇ ಇತ್ತು. ಇಬ್ಬರಿಗಾಗುವಷ್ಟು ರೊಟ್ಟಿ, ಶೇಂಗಾ ಚಟ್ನಿ, ಮೊಸರು. ದಾರಿಯಲ್ಲಿ ಅವನೂ ಉಂಡಿರಲಿಲ್ಲ. ಮೊಸರು ಹುಳಿಯಾಗಿತ್ತು. ಉಳಿದದ್ದನ್ನು ನಾನೂ ಬಸುವೂ ಅಡುಗೆಮನೆಯಲ್ಲಿ ಕೂತು ಉಂಡೆವು. ತಪ್ಪಾಯಿತಪ್ಪಾ ಎಂದೆ. ತಪ್ಪೇನು ಬಂತು, ಇನ್ನೊಂದು ರೊಟ್ಟಿ ಹಾಕಿಕೋ ಎಂದ.

ಪಂಚಮಿ ಚೆನ್ನಾಗಿಯೇ ಆಯಿತು. ಹಾಲೆರೆದೆವು, ಜೋಕಾಲಿ ಆಡಿದೆವು, ತರತರದ ಉಂಡಿ ತಿಂದೆವು. ಹೊರಡುವ ದಿನ ಬಸು ಬಸ್ ನಿಲ್ದಾಣಕ್ಕೆ ಬಂದು, ಹುಬ್ಬಳ್ಳಿಯ ಗಾಡಿಯಲ್ಲಿ ಕಿಟಕಿ ಬದಿಯ ಸೀಟು ಹಿಡಿದುಕೊಟ್ಟ. ನಾನು ಬಿಗುಮಾನ ಬಿಟ್ಟು ಕೇಳಿಯೇಬಿಟ್ಟೆ. ಮುಂದಿನ ಪಂಚಮಿಗೆ ಹುಬ್ಬಳ್ಳಿಗೆ ಬಾ, ನೀನು ಬರುವವರೆಗೆ ನಿಂತ ಜಾಗ ಬಿಟ್ಟು ಕದಲುವುದಿಲ್ಲ ಎಂದೆ.

ಅವನು ನಕ್ಕ.

‘ಯಾಕಕ್ಕಾ ಸುಮ್ಮನ? ನಿನಗ ದಾರಿ ಗೊತ್ತೈತಲ್ಲ’ ಎಂದ. ನನ್ನ ಮನಸ್ಸು ನೋಯಿಸಬೇಕೆಂದು ಆಡಿದ ಮಾತಲ್ಲ ಅದು, ಉಪಚಾರದ್ದೂ ಅಲ್ಲ, ಅವನ ಮುಖ ನೋಡಿದರೆ ಗೊತ್ತಾಗುತ್ತಿತ್ತು.

ಬಸ್ಸು ಹೊರಟಿತು. ಕಿಟಕಿಯಿಂದ ಹೊರಳಿ ನೋಡಿದೆ. ಕಾರ್ಖಾನೆಗೆ ಹೊತ್ತಾಗಿತ್ತೇನೋ, ಅವನು ಆಗಲೇ ನಿಲ್ದಾಣದ ಗೇಟು ದಾಟಿ ನಡೆದಿದ್ದ.